ನಾಲ್ಕು ದಿನದ ಕಾಶಿ

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಧಾರವಾಡದಿಂದ ಅರ್ಧ ತಾಸಿನ ದಾರಿಯಲ್ಲಿರುವ ನಮ್ಮ ಹೊಲದ ಬದುವಿನಲ್ಲಿ, ಬೇವಿನ ಗಿಡದ ಹತ್ತಿರ ಅವರನ್ನು ಮಣ್ಣು ಮಾಡಿದ್ದೇವೆ. ನಾವು ಮಣ್ಣು ಕೊಡುವ ಮಂದಿ. ಗಂಗೆಗೆ ಒಯ್ದು ಬಿಡಲು ಬೂದಿಯಿಲ್ಲ, ಅಸ್ಥಿಯಿಲ್ಲ. ಆದರೂ ಈ ಸಲ ಯುಗಾದಿಗೆ ಊರಿಗೆ ಹೋದಾಗ, ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆಯೇ ಹೇಳಿದಳು: "ಕಾಶಿ ಜಂಗಮವಾಡಿ ಮಠದಾಗ ಅವರ ಹೆಸರಿಲೆ ಒಂದು ಲಿಂಗ ಇಡಸೂಣು."

ನನಗೆ ನಗು ಬಂತು. ಅಪ್ಪ ಸಾಲಿ ಮಾಸ್ತರ. ವಚನಗಳನ್ನು ಬಿಟ್ಟರೆ ಬೇರೆ ಪೂಜೆ ಪುನಸ್ಕಾರ ಕಂಡವರಲ್ಲ. ಓಣಿಯವರು ಯಾತ್ರೆಗೆ ಹೊರಟರೆ "ಒಳಗ ಇಲ್ಲದ ಕಾಶಿ ಹೊರಗ ಎಲ್ಲಿ ಸಿಗ್ತದ" ಎಂದು ಮುಖದ ಮೇಲೇ ಹೇಳಿ, ಅವ್ವನಿಂದ ಬೈಸಿಕೊಳ್ಳುತ್ತಿದ್ದರು.

"ಅಪ್ಪ ಇದ್ದಿದ್ರ ಬೈತಿದ್ರು" ಎಂದೆ.

"ಈಗ ಬೈಯಾಕ ಎಲ್ಲದಾರ?" ಎಂದು ರೊಟ್ಟಿ ಮಗುಚಿದಳು. ಅಲ್ಲಿಗೆ ಯಾತ್ರೆ ಗಟ್ಟಿಯಾಯಿತು.

ಯಾತ್ರೆ ಅನ್ನುವುದು ಅವಳ ಮಾತು. ನನ್ನ ಮಾತು ಬೇರೆ ಇತ್ತು. ಬೆಂಗಳೂರಿನ ಕಚೇರಿಯಲ್ಲಿ ಕೂತು ವರ್ಷಕ್ಕೊಮ್ಮೆ ಯಾವುದಾದರೂ ಹಳೆಯ ಊರಿಗೆ ನಾಲ್ಕು ದಿನ ಹೋಗಿ, ಅಲ್ಲಿಯ ಮ್ಯೂಸಿಯಂ, ಸಂಗೀತ, ತಿಂಡಿ, ಬೀದಿ ಎಲ್ಲ ನೋಡಿ ಬರುವ ಚಟ ನನಗಿದೆ. ಆ ಪಟ್ಟಿಯಲ್ಲಿ ಬನಾರಸ್ ಮತ್ತೊಮ್ಮೆ ನೋಡಬೇಕಾದ ಊರು. ಮತ್ತೊಮ್ಮೆ ಯಾಕೆಂದರೆ ಮೊದಲ ಸಲ ನಾನು ಅದನ್ನು ಸರಿಯಾಗಿ ನೋಡಲೇ ಇಲ್ಲ.

ಆ ಮೊದಲ ಸಲದ ಕಥೆ ಹೇಳಿಬಿಡುತ್ತೇನೆ. ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಆಗಸ್ಟ್ ಕೊನೆಯ ವಾರ ಹೋದೆ. ಯಾಕೆ ಅಗ್ಗ ಎಂದು ಕೇಳಿಕೊಳ್ಳಲಿಲ್ಲ. ಹೋಗಿ ನೋಡಿದರೆ ಘಾಟುಗಳೇ ಇಲ್ಲ! ಫೋಟೋಗಳಲ್ಲಿ ಕಂಡ ಆ ಮೆಟ್ಟಿಲುಗಳೆಲ್ಲ ಕೆಂಪು ನೀರಿನೊಳಗೆ. ದೋಣಿ ಬಂದ್. ಸಂಜೆಯ ಆರತಿ ಕಟ್ಟಡದ ಮಾಳಿಗೆಯ ಮೇಲೆ. ಮಣಿಕರ್ಣಿಕೆಯಲ್ಲಿ ಚಿತೆಗಳು ಕೂಡ ಮೇಲಿನ ಕಟ್ಟೆಗೆ ಏರಿದ್ದವು. ಬೇಸಿಗೆಯಲ್ಲಿ ಒಂದು ಘಾಟಿನಿಂದ ಇನ್ನೊಂದಕ್ಕೆ ನೀರಿನಂಚಿನಲ್ಲೇ ನಡೆದು ಹೋಗಬಹುದು. ಹೊಳೆ ತುಂಬಿದಾಗ ಆ ದಾರಿ ಮುಳುಗುತ್ತದೆ. ಪ್ರತಿ ಘಾಟಿಗೂ ಗಲ್ಲಿಯಿಂದ ಇಳಿಯಬೇಕು, ನೀರು ನೋಡಿ ಮತ್ತೆ ಹತ್ತಬೇಕು. ಗಲ್ಲಿಗಳ ಕೆಸರು, ಸೆಗಣಿ, ಎದುರಿನಿಂದ ಬರುವ ಗೂಳಿ ಎಲ್ಲ ಸೇರಿ ಎರಡನೆಯ ದಿನಕ್ಕೇ ನನ್ನ ಚಪ್ಪಲಿಯ ಬಾರು ಹರಿಯಿತು. 'ನದಿ ಕಾಣುವ ಕೋಣೆ' ಎಂದು ದುಡ್ಡು ಕೊಟ್ಟು ಹಿಡಿದ ಕೋಣೆಯಿಂದ ನದಿ ಕಾಣಬೇಕಾದರೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಬೇಕಿತ್ತು.

ಉಳಿದದ್ದನ್ನು ಕೆಡಿಸಿಕೊಂಡದ್ದು ನಾನೇ. ಸಾರನಾಥಕ್ಕೆ ಶುಕ್ರವಾರ ಹೋದೆ. ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಭಾರತ ಕಲಾ ಭವನಕ್ಕೆ ಭಾನುವಾರ ಹೋದೆ. ಅದಕ್ಕೆ ಭಾನುವಾರ ರಜೆ. ಬೀಗ ಹಾಕಿದ ಎರಡು ಬಾಗಿಲುಗಳ ಫೋಟೋ ಇನ್ನೂ ನನ್ನ ಫೋನಿನಲ್ಲಿವೆ.

ಆಮೇಲೆ ಗೊತ್ತಾಯಿತು, ವಾರಾಣಸಿಯಲ್ಲಿ ಗಂಗೆಯ ಅಪಾಯದ ಮಟ್ಟ 71.262 ಮೀಟರ್. 1978ರಲ್ಲಿ ನೀರು 73.901 ಮೀಟರ್‌ವರೆಗೆ ಏರಿತ್ತು. ಮಳೆಗಾಲದಲ್ಲಿ ಅಲ್ಲಿಯ ಪತ್ರಿಕೆಗಳು ಈ ಅಂಕಿಯನ್ನು ನಮ್ಮ ಕಡೆ ಆಲಮಟ್ಟಿಯ ನೀರಿನ ಮಟ್ಟ ಹಾಕುವಂತೆ ದಿನಾ ಹಾಕುತ್ತವೆ. ಹೊಳೆಯ ಊರಿಗೆ ಹೋಗುವವಳು ಹೊಳೆಯನ್ನೇ ಕೇಳದೆ ಹೋಗಿದ್ದೆ.

ಹಾಗಾಗಿ ಈ ಸಲ ಮೊದಲು ತಿಂಗಳು ಗೊತ್ತುಮಾಡಿದೆವು. ಜುಲೈನಿಂದ ಸೆಪ್ಟೆಂಬರ್ ಬಿಟ್ಟೆವು. ಡಿಸೆಂಬರ್ ನಡುವಿನಿಂದ ಜನವರಿ ಮುಗಿಯುವವರೆಗೆ ಅಲ್ಲಿ ದಟ್ಟ ಮಂಜು. ವಿಮಾನ, ರೈಲು ಎಲ್ಲ ತಾಸುಗಟ್ಟಲೆ ತಡ. ನಸುಕಿನಲ್ಲಿ ಎದ್ದು ಹೋದರೂ ಸೂರ್ಯ ಕಾಣುವ ಭರವಸೆಯಿಲ್ಲ. ಮೇ ತಿಂಗಳು ನಲವತ್ತು ಡಿಗ್ರಿ ದಾಟುವ ಬಿಸಿಲು. ಎಪ್ಪತ್ತು ವರ್ಷದ ಅವ್ವನಿಗೆ ಅದು ಆಗದು. ನನಗೆ ಏಪ್ರಿಲ್ ಮೇಲೆ ಕಣ್ಣಿತ್ತು. ಹನುಮ ಜಯಂತಿಯ ಹೊತ್ತಿಗೆ ಸಂಕಟಮೋಚನ ಗುಡಿಯಲ್ಲಿ ಸಂಗೀತ ಸಮಾರೋಹ ನಡೆಯುತ್ತದೆ. ರಾತ್ರಿಯಿಡೀ ಹಾಡು, ವಾದ್ಯ, ಕುಣಿತ, ಟಿಕೆಟ್ಟಿಲ್ಲ. ಶಿವರಾತ್ರಿಯ ಸುತ್ತಮುತ್ತ ತುಳಸಿ ಘಾಟಿನಲ್ಲಿ ಧ್ರುಪದ್ ಮೇಳ. ಅದು 1975ರಿಂದ ನಡೆದುಬಂದಿದೆ. ರಾಮನಗರದ ಮೂವತ್ತೊಂದು ದಿನದ ರಾಮಲೀಲೆ ನೋಡಬೇಕೆಂದರೆ ಅನಂತ ಚತುರ್ದಶಿಯಿಂದಾಚೆಗೆ ಹೋಗಬೇಕು. ಒಂದೊಂದಕ್ಕೂ ಒಂದೊಂದು ತಿಂಗಳು. ಎಲ್ಲವನ್ನೂ ಒಂದೇ ಸಲಕ್ಕೆ ಹಿಡಿಯಲು ಹೊರಟರೆ ಅಲ್ಲಿಯೇ ಮನೆ ಮಾಡಬೇಕು.

ಅವ್ವ "ಕಾರ್ತೀಕದಾಗ" ಎಂದಳು. ಅವಳ ಕಾರಣ ಬೇರೆ, ನನ್ನದು ಬೇರೆ, ಆದರೆ ಕಾರ್ತೀಕವೇ ಸರಿಯಾದ ಕಾಲ. ಮಳೆ ನಿಂತು ಮೆಟ್ಟಿಲುಗಳ ಮೇಲಿನ ಹೂಳು ತೆಗೆದಿರುತ್ತಾರೆ. ಚಳಿ ಆಗಷ್ಟೇ ಕಾಲಿಟ್ಟಿರುತ್ತದೆ. ಒಂದೇ ಎಚ್ಚರಿಕೆ: ಕಾರ್ತೀಕ ಹುಣ್ಣಿಮೆಯ ದಿನ ಅಲ್ಲಿ ದೇವ ದೀಪಾವಳಿ. ಎಲ್ಲ ಘಾಟುಗಳ ಮೇಲೂ ಲಕ್ಷಗಟ್ಟಲೆ ದೀಪ. ಚೆಂದವೇನೋ ಹೌದು. ಆದರೆ ಆ ವಾರ ಕೋಣೆಯ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆ ನೂಕುನುಗ್ಗಲಿನಲ್ಲಿ ಮೊಣಕಾಲು ನೋವಿನ ಹೆಂಗಸನ್ನು ಕರೆದೊಯ್ಯುವುದು ಪಾಪ. ಹುಣ್ಣಿಮೆ ಕಳೆದು ಒಂದು ವಾರಕ್ಕೆ ಎಂದು ಗೊತ್ತುಮಾಡಿದೆವು.

ಆಮೇಲೆ ವಾರ. ಲಿಂಗ ಇಡಿಸುವುದು ಸೋಮವಾರವೇ ಆಗಬೇಕೆಂದು ಅವ್ವನ ಹಟ. ಸೋಮವಾರ ವಿಶ್ವನಾಥನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೆ ಸೋಮವಾರ ಮಠ, ಮಂಗಳವಾರ ನಸುಕಿನಲ್ಲಿ ವಿಶ್ವನಾಥ ಎಂದು ಒಪ್ಪಂದವಾಯಿತು. ಭಾನುವಾರ ಇಳಿದು ಗುರುವಾರ ಹೊರಟರೆ ಶುಕ್ರವಾರದ ಬೀಗವೂ ತಪ್ಪುತ್ತದೆ, ಭಾನುವಾರದ ಬೀಗವೂ ತಪ್ಪುತ್ತದೆ. ಹೀಗೆ ನಾಲ್ಕು ದಿನ. "ನಾಕ ದಿನಾ ಏನ ಮಾಡ್ತಿ ಅಲ್ಲೆ?" ಎಂದು ಅವ್ವ ಈಗಲೂ ಕೇಳುತ್ತಾಳೆ. ಅವಳ ಲೆಕ್ಕದಲ್ಲಿ ಕಾಶಿ ಅರ್ಧ ದಿನದ ಕೆಲಸ.

ಹೋಗುವ ದಾರಿಯ ಮೇಲೂ ಜಗಳವಾಯಿತು. ಹುಬ್ಬಳ್ಳಿಯಿಂದ ವಾರಕ್ಕೊಂದು ರೈಲು ನೇರ ಕಾಶಿಗಿದೆ. ಎರಡು ರಾತ್ರಿಯ ದಾರಿ. ಅವ್ವನಿಗೆ ಅದೇ ಬೇಕು. ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಮೈ ಚಾಚಿ ಮಲಗಿ, ದೇಶ ನೋಡುತ್ತ ಹೋಗುವುದೇ ಯಾತ್ರೆ ಅಂತ. ನನಗೆ ರಜೆ ಇಲ್ಲ. ಕೊನೆಗೆ ಬೆಂಗಳೂರಿನಿಂದ ನೇರ ವಿಮಾನ ಎಂದಾಯಿತು, ಶೇಂಗಾ ಚಟ್ನಿಯೂ ಬರುತ್ತದೆ ಎಂಬ ಷರತ್ತಿನ ಮೇಲೆ. ಬಾಬತಪುರದ ವಿಮಾನ ನಿಲ್ದಾಣದಿಂದ ಊರಿಗೆ ಸುಮಾರು 25 ಕಿಲೋಮೀಟರ್. ಗೊದೌಲಿಯಾ ಚೌಕಕ್ಕೆ ಬಂದಮೇಲೆ ಕಾರಿಗೆ ದಾರಿಯಿಲ್ಲ, ಉಳಿದದ್ದು ಇ-ರಿಕ್ಷಾ ಇಲ್ಲವೇ ಕಾಲು. ಹೊಳೆಯ ದಂಡೆಯ ಹೋಟೆಲುಗಳನ್ನು ಹಿಡಿಯುವವರಿಗೆ ಒಂದು ಮಾತು: ಕೋಣೆ ಹೇಗಿದೆ ಎಂದು ಕೇಳುವ ಮೊದಲು ಗಾಡಿ ನಿಲ್ಲುವ ಜಾಗದಿಂದ ಎಷ್ಟು ನಡೆಯಬೇಕು, ಎಷ್ಟು ಮೆಟ್ಟಿಲು ಎಂದು ಕೇಳಿ. ನಾನು ಈ ಸಲ ಕೇಳಿದ ಮೂರು ಕಡೆ ಬಂದ ಉತ್ತರ ಒಂದೇ: "ಬಸ್ ಪಾಂಚ್ ಮಿನಿಟ್." ಆ ಐದು ನಿಮಿಷದ ಅಳತೆ ನನಗೆ ಮೊದಲ ಸಲವೇ ಗೊತ್ತಾಗಿದೆ.

ಮೊದಲ ಎರಡು ರಾತ್ರಿ ಮಠದಲ್ಲಿ, ಕೊನೆಯ ಎರಡು ರಾತ್ರಿ ಅಸ್ಸಿ ಘಾಟಿನ ಹತ್ತಿರ. ಮಠಕ್ಕೆ ಫೋನ್ ಮಾಡಿದಾಗ ನನ್ನ ಹರಕು ಹಿಂದಿ ಎರಡು ವಾಕ್ಯ ಹೋಗುವಷ್ಟರಲ್ಲಿ ಆ ಕಡೆಯ ದನಿ "ಕನ್ನಡದಾಗ ಮಾತಾಡ್ರಿ ತಂಗಿ" ಎಂದಿತು. ಫೋನು ಸ್ಪೀಕರಿನಲ್ಲಿತ್ತು. ಅವ್ವನ ಮುಖ ನೋಡಬೇಕಿತ್ತು.

ಜಂಗಮವಾಡಿ ಮಠ ವೀರಶೈವರ ಪಂಚಪೀಠಗಳಲ್ಲಿ ಒಂದು, ಕಾಶಿಯ ಜ್ಞಾನಪೀಠ. ಅಲ್ಲಿ ತೀರಿಕೊಂಡವರ ಹೆಸರಿನಲ್ಲಿ ಶಿವಲಿಂಗ ಇಡಿಸುವುದು ಬಹಳ ಹಳೆಯ ರೂಢಿ. ಉಳಿದವರು ಪಿಂಡ ಬಿಡುವಲ್ಲಿ ನಮ್ಮವರು ಕಲ್ಲು ಇಡುತ್ತಾರೆ. ಮೊದಲ ಸಲ ಮಳೆಗೆ ಸಿಕ್ಕಿ ಅದರೊಳಗೆ ಹೊಕ್ಕಿದ್ದೆ, ಭಕ್ತಿಗೇನಲ್ಲ. ಒಳಗೆ ಸಾಲು ಸಾಲು ಲಿಂಗಗಳು. ಮುಷ್ಟಿಯಷ್ಟು, ತೆಂಗಿನಕಾಯಿಯಷ್ಟು, ಮೊಣಕಾಲೆತ್ತರದವು. ನೆಲದ ಮೇಲೆ, ಕಟ್ಟೆಯ ಮೇಲೆ, ಗೂಡಿನಲ್ಲಿ, ಒಂದಕ್ಕೊಂದು ತಾಗಿಕೊಂಡು, ಎಣಿಸುವ ಮಾತೇ ಇಲ್ಲ. ಯಾರೋ ಒಂದರ ಮೇಲೆ ಹೂವಿಟ್ಟು ಹೋಗಿದ್ದರು, ಪಕ್ಕದ್ದರ ಮೇಲೆ ಧೂಳಿತ್ತು. ಬೀದರಿನದೋ ಬಾಗಲಕೋಟೆಯದೋ ಸೊಲ್ಲಾಪುರದ್ದೋ ಒಂದೊಂದು ಮನೆಯ ದುಃಖ ಒಂದೊಂದು ಕಲ್ಲಾಗಿ ಅಲ್ಲಿ ಕೂತಿತ್ತು. ಆಗ ಅಪ್ಪ ಇದ್ದರು. ಫೋನಿನಲ್ಲಿ ಹೇಳಿದಾಗ "ಕಲ್ಲಿನ ಸಂತಿ" ಎಂದು ನಕ್ಕಿದ್ದರು.

ಆ ಮಠದಲ್ಲಿ ಮೊಘಲರ ಕಾಲದ ದಾನಪತ್ರಗಳಿವೆ. ಅಕ್ಬರನದು ಇದೆ, ಔರಂಗಜೇಬನದೂ ಇದೆ. ಕಾಶಿಯ ಚರಿತ್ರೆಯನ್ನು ಕಪ್ಪು ಬಿಳುಪಿನಲ್ಲಿ ಹೇಳುವವರು ಈ ಕಾಗದಗಳನ್ನು ಒಮ್ಮೆ ನೆನಪಿಸಿಕೊಳ್ಳಲಿ ಅಂದುಕೊಳ್ಳುತ್ತೇನೆ. ಅದೇ ಊರಿನ ಈಗಿನ ವಿಶ್ವನಾಥ ಮಂದಿರವನ್ನು ಅಹಲ್ಯಾಬಾಯಿ ಹೋಳ್ಕರ್ 1780ರಲ್ಲಿ ಕಟ್ಟಿಸಬೇಕಾಗಿ ಬಂತೆಂಬುದೂ ನೆನಪಿರಲಿ. ಎರಡೂ ನಿಜ.

ದುಡ್ಡಿನ ಲೆಕ್ಕ ಹಾಕುವಾಗ ನನಗೆ ಸಿಕ್ಕ ಒಂದು ಶಾಸನದ ಮಾತು ಇಲ್ಲೇ ಹೇಳಬೇಕು. ಹೊಯ್ಸಳ ದೊರೆ ಮೂರನೆಯ ನರಸಿಂಹ 1279ರಲ್ಲಿ ಹೆಬ್ಬಾಳೆ ಎಂಬ ಊರಿನ ಉತ್ಪತ್ತಿಯನ್ನು, ವರ್ಷಕ್ಕೆ 645 ನಿಷ್ಕ, ಕಾಶಿಗೆ ಹೋಗುವವರಿಗಾಗಿ ಬಿಟ್ಟುಕೊಟ್ಟ. ಅಲ್ಲಿ ತುರುಕರ ಆಡಳಿತ ಯಾತ್ರಿಕರ ಮೇಲೆ ಹಾಕಿದ್ದ ತೆರಿಗೆಯನ್ನು ಕಟ್ಟಲು ಆ ಹಣ. ಕನ್ನಡಿಗರಿಗಷ್ಟೇ ಅಲ್ಲ, ತೆಲುಗರು, ತುಳುವರು, ಗೌಡದೇಶದವರಿಗೂ ಸಿಗುತ್ತಿತ್ತು. ಏಳುನೂರೈವತ್ತು ವರ್ಷದ ಹಿಂದೆ, ಅಷ್ಟು ದೂರದ ಊರಿಗೆ ನಡೆದು ಹೋಗುವವರು ತಮ್ಮ ನಾಡಿನ ರಾಜ ಬಜೆಟ್ಟಿನಲ್ಲಿ ಹಣ ತೆಗೆದಿಡುವಷ್ಟು ಮಂದಿ ಇದ್ದರು. ವಿಮಾನದಲ್ಲಿ ಎರಡೂವರೆ ತಾಸು ಕೂರುವ ನಾನು ಟಿಕೆಟ್ ದುಬಾರಿ ಎಂದು ಗೊಣಗುತ್ತಿದ್ದೆ.

ಮಠದಿಂದ ಹೊರಬಿದ್ದು ತೆಂಕಣಕ್ಕೆ ಸ್ವಲ್ಪ ನಡೆದರೆ ಮದನಪುರಾ. ಸೀರೆ ನೇಯುವವರ, ಮಾರುವವರ ಕೇರಿ. ಬಹುಪಾಲು ಮುಸಲ್ಮಾನ ನೇಕಾರರು. ಸೋಮವಾರದ ಮಧ್ಯಾಹ್ನ ಇದಕ್ಕೇ ಮೀಸಲು, ಮತ್ತು ಇಲ್ಲಿ ಅವ್ವನೇ ನನ್ನ ಗೈಡ್. ಅವಳ ತವರು ಇಳಕಲ್ ಹತ್ತಿರ. ಸೀರೆ ಕೈಗೆ ಬಂದರೆ ಮೊದಲು ಅದನ್ನು ಮಗುಚಿ ಹಿಂಬದಿ ನೋಡುವ ಜನ ಅವರು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಕೂಡಿದ ಜಾಗವನ್ನು ಅವಳು ಬೆರಳಿನಿಂದ ಸವರಿ ನೇಕಾರ ಅವಸರ ಮಾಡಿದ್ದಾನೋ ಇಲ್ಲವೋ ಹೇಳುತ್ತಾಳೆ. ಬನಾರಸಿಯಲ್ಲೂ ಗುಟ್ಟು ಹಿಂಬದಿಯಲ್ಲೇ ಇದೆ. 'ಕಢುವಾ' ನೇಯ್ಗೆಯಲ್ಲಿ ಒಂದೊಂದು ಬುಟ್ಟಾವನ್ನೂ ಬೇರೆ ಬೇರೆ ಚಿಕ್ಕ ಲಾಳಿಯಿಂದ ತುಂಬುತ್ತಾರೆ, ಹಿಂದೆ ಎಳೆ ಇಳಿಬೀಳುವುದಿಲ್ಲ. 'ಫೇಕುವಾ'ದಲ್ಲಿ ಜರಿ ಅಂಚಿನಿಂದ ಅಂಚಿಗೆ ಹಾಯುತ್ತದೆ, ಬುಟ್ಟಾಗಳ ನಡುವಿನ ಎಳೆಯನ್ನು ಆಮೇಲೆ ಕತ್ತರಿಸುತ್ತಾರೆ. ಕಢುವಾಕ್ಕೆ ದಿನ ಹೆಚ್ಚು ಹಿಡಿಯುತ್ತದೆ, ಬೆಲೆಯೂ ಹೆಚ್ಚು. 2009ರಲ್ಲಿ ಬನಾರಸಿ ಸೀರೆಗೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಯಂತ್ರದ ಮಗ್ಗದ್ದನ್ನು ಕೈಮಗ್ಗದ್ದೆಂದು ಕೊಡುವವರಿಗೆ ಬರವಿಲ್ಲ. ಆ ಕೇರಿಯ ಮಗ್ಗಗಳಲ್ಲಿ ಓಡುವ ರೇಷ್ಮೆಯಲ್ಲಿ ನಮ್ಮ ಕರ್ನಾಟಕದ್ದೂ ಒಂದು ಪಾಲು ಇದೆ. ಶಿಡ್ಲಘಟ್ಟ, ರಾಮನಗರದ ಗೂಡು ಕಾಶಿಯಲ್ಲಿ ಸೆರಗಾಗುತ್ತದೆ. ಇದನ್ನು ಹೇಳಿದಾಗ ಅವ್ವ ಹೇಳಿದ್ದು: "ಮತ್ತ ಇಲ್ಲಿಂದನ ತಗೊಂಡ್ರ ಆಗ್ತಿತ್ತಲ್ಲ." ಅವಳು ಒಂದು ಸೀರೆಯನ್ನೂ ಕೊಳ್ಳುವುದಿಲ್ಲ ಎಂದಿದ್ದಾಳೆ. ನೋಡೋಣ.

ಮಂಗಳವಾರದ ವಿಶ್ವನಾಥ ದರ್ಶನದ ಬಗ್ಗೆ ಹೇಳಲು ಹೆಚ್ಚಿಲ್ಲ. ಫೋನ್ ಒಳಗೆ ಬಿಡುವುದಿಲ್ಲ, ಕೋಣೆಯಲ್ಲೇ ಬಿಟ್ಟು ಹೋಗುವುದು ಲೇಸು. 2021ರ ಡಿಸೆಂಬರಿನಲ್ಲಿ ತೆರೆದ ಹೊಸ ಪ್ರಾಂಗಣದಿಂದ ಗುಡಿಗೂ ಹೊಳೆಗೂ ನೇರ ದಾರಿಯಾಗಿದೆ. ಅವ್ವನಂಥವರಿಗೆ ಅದು ನಿಜವಾದ ಅನುಕೂಲ. ಅದಕ್ಕಾಗಿ ಕೆಡವಿದ ಹಳೆಯ ಗಲ್ಲಿಗಳನ್ನು ನಾನು ನೋಡಿಲ್ಲ. ನೋಡಿದವರು ಇನ್ನೂ ಹಲುಬುತ್ತಾರೆ.

ಮಧ್ಯಾಹ್ನ ಅಸ್ಸಿಗೆ ಸಾಮಾನು ಸಾಗಿಸಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಭಾರತ ಕಲಾ ಭವನ. 1920ರಲ್ಲಿ ರಾಯ್ ಕೃಷ್ಣದಾಸ್ ಶುರುಮಾಡಿದ್ದು. ಅಲ್ಲಿಯ ಕಿರುಚಿತ್ರಗಳನ್ನು ನೋಡಲೆಂದೇ ಕನ್ನಡಕದ ನಂಬರು ಬದಲಿಸಿಕೊಂಡಿದ್ದೇನೆ. ವಿಶ್ವವಿದ್ಯಾಲಯ ಮದನ ಮೋಹನ ಮಾಳವೀಯರದೆಂದು ಎಲ್ಲರಿಗೂ ಗೊತ್ತು. ಅದರ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು ಎಂಬುದು ಅಷ್ಟಾಗಿ ಗೊತ್ತಿಲ್ಲ. 1916ರಲ್ಲಿ ಕಾಶಿಯಲ್ಲಿ ಇದು ಹುಟ್ಟಿದ ವರ್ಷವೇ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿತು. ಅಸ್ಸಿಯಿಂದ ಸ್ವಲ್ಪವೇ ಬಡಗಣಕ್ಕೆ, ಹರಿಶ್ಚಂದ್ರ ಘಾಟಿನ ಆಸುಪಾಸಿನಲ್ಲಿ ಕರ್ನಾಟಕದ ಹೆಸರಿನ ಘಾಟೂ ಇದೆ. ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಬಯಲಾಟದಲ್ಲಿ ಹರಿಶ್ಚಂದ್ರ ಸುಡುಗಾಡು ಕಾಯುವುದನ್ನು ನೋಡಿ ಅತ್ತ ನಮ್ಮ ಹಿರಿಯರಿಗೆ, ಆ ಸುಡುಗಾಡಿನ ಪಕ್ಕದಲ್ಲೇ ನಾಡಿನ ಮೆಟ್ಟಿಲಿದೆ ಎಂದರೆ ನಂಬಿಕೆ ಬರುತ್ತಿತ್ತೋ ಇಲ್ಲವೋ.

ಬುಧವಾರದ ನಸುಕು ನನ್ನ ಇಡೀ ಯೋಜನೆಯ ಬೆನ್ನೆಲುಬು. ಗಂಗೆ ಕಾಶಿಯಲ್ಲಿ ತಿರುಗಿ ಬಡಗು ಮುಖವಾಗಿ ಹರಿಯುತ್ತಾಳೆ. ಊರೆಲ್ಲ ಪಡುವಣದ ದಿಬ್ಬದ ಮೇಲೆ. ಸುಣ್ಣದ ಗಂಟುಗಳು ಸೇರಿದ ಗಟ್ಟಿ ಮಣ್ಣು, ಹೊಳೆಗೆ ಸುಲಭವಾಗಿ ಕೊರೆಯಲು ಬಿಡುವುದಿಲ್ಲ. ಎದುರಿನ ದಂಡೆ ಬರೀ ಮರಳು. ಮಳೆಗಾಲದಲ್ಲಿ ಅದು ಹೊಳೆಯದೇ ಆಗುವುದರಿಂದ ಅಲ್ಲಿ ಯಾರೂ ಊರು ಕಟ್ಟಲಿಲ್ಲ. ಹಾಗಾಗಿ ಸೂರ್ಯ ಹುಟ್ಟುವಾಗ ನಡುವೆ ಒಂದೂ ಗೋಡೆಯಿಲ್ಲದೆ ಬಿಸಿಲು ನೇರ ಘಾಟುಗಳ ಮೇಲೆ ಬೀಳುತ್ತದೆ. ದೋಣಿಯಲ್ಲಿ ಕೂತ ಎಲ್ಲರೂ ಸೂರ್ಯನ ಫೋಟೋ ತೆಗೆಯುತ್ತಾರೆ. ಸೂರ್ಯನಿಗೆ ಬೆನ್ನು ಹಾಕಿ ಕೂತವರಿಗೆ ಕಾಶಿ ಕಾಣುತ್ತದೆ. ಆ ಬೆಳಕು ಒಂದು ತಾಸು. ಮಧ್ಯಾಹ್ನ ದಾಟಿದರೆ ಊರು ತನ್ನದೇ ನೆರಳಿನಲ್ಲಿ ಕೂತುಬಿಡುತ್ತದೆ. ನವೆಂಬರಿನಲ್ಲಿ ಐದೂ ಕಾಲಿನ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ನಮ್ಮ ಕಡೆಗಿಂತ ಮುಕ್ಕಾಲು ತಾಸು ಮೊದಲೇ. ನಮ್ಮ ಗಡಿಯಾರ ನಂಬಿ 'ಸಂಜೆ ನೋಡೋಣ' ಎಂದವರಿಗೆ ಕತ್ತಲೆ ಸಿಗುತ್ತದೆ.

ಅಸ್ಸಿಯಲ್ಲಿ ದಿನಾ ನಸುಕಿಗೆ 'ಸುಬಹ್-ಎ-ಬನಾರಸ್' ನಡೆಯುತ್ತದೆ: ಆರತಿ, ಮಂತ್ರ, ಆಮೇಲೆ ಯಾರಾದರೊಬ್ಬರ ಹಾಡು ಅಥವಾ ವಾದ್ಯ. ಧಾರವಾಡದವರಿಗೆ ಹಿಂದುಸ್ತಾನಿ ಹೊಸದಲ್ಲ. ಮನ್ಸೂರರು ಸೈಕಲ್ ಅಂಗಡಿಯ ಮುಂದೆ ಹೋಗುವುದನ್ನು ನೋಡಿದೆ, ಗಂಗೂಬಾಯಿಯವರ ಕಛೇರಿಗೆ ನೆಲದ ಮೇಲೆ ಕೂತಿದ್ದೆ ಎನ್ನುವವರು ಓಣಿಗೊಬ್ಬರು ಇದ್ದಾರೆ. ನಮ್ಮದು ಖಯಾಲಿನ ಊರು. ಬನಾರಸ್ ಠುಮ್ರಿ, ಕಜ್ರಿ, ಚೈತಿಯ ಊರು, ತಬಲೆಯ ಊರು. ಅಪ್ಪ ಠುಮ್ರಿ ಶುರುವಾದರೆ ರೇಡಿಯೋ ಸಣ್ಣ ಮಾಡುತ್ತಿದ್ದರು, ಗಿರಿಜಾ ದೇವಿಯವರದಾದರೆ ಮಾತ್ರ ಮಾಡುತ್ತಿರಲಿಲ್ಲ.

ಅಸ್ಸಿಯಿಂದ ದೋಣಿ. ಇಲ್ಲಿ ಅವ್ವನ ಮೊಣಕಾಲಿನ ಲೆಕ್ಕ ಬರುತ್ತದೆ. ಕಷ್ಟ ಇರುವುದು ಮೆಟ್ಟಿಲು ಇಳಿಯುವುದರಲ್ಲಲ್ಲ. ಕೊನೆಯ ಮೆಟ್ಟಿಲಿಗೂ ದೋಣಿಯ ಅಂಚಿಗೂ ನಡುವೆ ಒಂದು ಮೊಳ ನೀರು ಅಲ್ಲಾಡುತ್ತಿರುತ್ತದೆ. ಮೊದಲ ಹೆಜ್ಜೆಗೆ ದೋಣಿ ಹಿಂದೆ ಸರಿಯುತ್ತದೆ. ದಂಡೆಯಲ್ಲಿ ನಿಂತ ಕಾಲು ಒಂದು ಕಡೆ, ದೋಣಿಯ ಕಾಲು ಇನ್ನೊಂದು ಕಡೆ. ಅಂಬಿಗ ಭುಜ ಕೊಡುತ್ತಾನೆ, ಕೈ ಹಿಡಿಯಲು ಅವ್ವ ಸಂಕೋಚಪಡುತ್ತಾಳೆ ಎಂದು ನನಗೆ ಗೊತ್ತು. ಅಸ್ಸಿಯನ್ನು ಆರಿಸಿಕೊಂಡದ್ದು ಅದಕ್ಕೇ. ಅಲ್ಲಿ ದಂಡೆ ಅಗಲ, ಬೇರೆಡೆಯಷ್ಟು ಕಡಿದಾಗಿಲ್ಲ. ಅಲ್ಲಿಂದ ಹರಿವಿನ ಜೊತೆಗೇ ಬಡಗಣಕ್ಕೆ. ಚೇತಸಿಂಹನ ಕೋಟೆ, 1781ರಲ್ಲಿ ವಾರನ್ ಹೇಸ್ಟಿಂಗ್ಸನ ಕಾವಲಿನಿಂದ ರಾಜ ತಪ್ಪಿಸಿಕೊಂಡು ಹೋದದ್ದು ಇಲ್ಲಿಂದ. ಕೇದಾರ, ದಶಾಶ್ವಮೇಧ, ಮಣಿಕರ್ಣಿಕಾ. ಪಕ್ಕದಲ್ಲೇ ಪಾಯ ಕುಸಿದು ವಾಲಿ ನಿಂತ ರತ್ನೇಶ್ವರ ಗುಡಿ. ಚಿತೆಗಳ ಮುಂದೆ ಫೋನು ಜೇಬಿನಲ್ಲಿರಬೇಕು. ಅದು ಯಾರದೋ ಅಪ್ಪ. ಮಣ್ಣು ಕೊಡುವ ನಮ್ಮವರಿಗೆ ಆ ಬೆಂಕಿ ಹೇಗೆ ಕಾಣುತ್ತದೆ ಎಂದು ಅವ್ವನನ್ನು ಕೇಳಬೇಕೆಂದಿದ್ದೇನೆ, ಅಲ್ಲಿ ಕೇಳಲಾರೆ.

ಪಂಚಗಂಗಾ ಘಾಟಿನಲ್ಲಿ ಇಳಿಯುವುದು. ಅದರ ಮೇಲಿನ ಬಾಲಾಜಿ ಗುಡಿಯಲ್ಲಿ ಬಿಸ್ಮಿಲ್ಲಾ ಖಾನ್ ವರ್ಷಗಟ್ಟಲೆ ಶಹನಾಯಿ ಸಾಧನೆ ಮಾಡಿದರು. ಅಲ್ಲಿಂದ ಮೇಲೆ ಗಲ್ಲಿಗಳು, ಮತ್ತು ಗಲ್ಲಿಗಳ ಬಾಯಲ್ಲಿ ಮಲಯ್ಯೋ. ಇದು ಚಳಿಗಾಲದ್ದೇ ತಿಂಡಿ. ಕಾಯಿಸಿದ ಹಾಲನ್ನು ರಾತ್ರಿ ಇಬ್ಬನಿಗೆ ಬಯಲಲ್ಲಿಟ್ಟು, ಬೆಳಗಿನ ಜಾವ ಕಡೆದು ನೊರೆ ಎಬ್ಬಿಸಿ, ಕೇಸರಿ ಏಲಕ್ಕಿ ಹಾಕಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರಂತೆ. ಬಿಸಿಲೇರಿದರೆ ಕರಗಿ ಹೋಗುತ್ತದೆ. ಆಗಸ್ಟಿನಲ್ಲಿ ಹೋದವಳಿಗೆ ಅದೂ ಸಿಕ್ಕಿರಲಿಲ್ಲ. ವಿವರಿಸಿದಾಗ ಅವ್ವ, "ರೊಕ್ಕಾ ಕೊಟ್ಟ ನೊರಿ ತಿನ್ನಾಕ ಕಾಶಿಗೆ ಹೋಗಬೇಕಾ?" ಎಂದಳು.

ಅದೇ ದಿನ ಕಬೀರ್ ಚೌರಾ. ಪಟ್ಟಿಯಲ್ಲಿ ಇದೊಂದನ್ನು ನಾನು ಅಪ್ಪನಿಗಾಗಿ ಸೇರಿಸಿದ್ದು, ಅವ್ವನಿಗೆ ಹೇಳಿಲ್ಲ. ಕಬೀರ ನೇಕಾರ, ನಮ್ಮ ಜೇಡರ ದಾಸಿಮಯ್ಯನ ಹಾಗೆ ಮಗ್ಗದ ಮೇಲೆ ಕೂತು ಮಾತು ಹೆಣೆದವನು. ಕಾಶಿಯಲ್ಲಿ ಸತ್ತರೆ ಮೋಕ್ಷ, ಮಗಹರದಲ್ಲಿ ಸತ್ತರೆ ಕತ್ತೆಯ ಜನ್ಮ ಎಂದು ಜನ ಹೇಳುತ್ತಿದ್ದರಂತೆ. ಜೀವಮಾನವೆಲ್ಲ ಕಾಶಿಯಲ್ಲಿದ್ದ ಕಬೀರ ಕೊನೆಗಾಲಕ್ಕೆ ಬೇಕೆಂದೇ ಎದ್ದು ಮಗಹರಕ್ಕೆ ಹೋಗಿ ಸತ್ತ. ಅಪ್ಪ ಈ ಕಥೆಯನ್ನು ಪ್ರತಿ ವರ್ಷ ಏಳನೆಯ ಇಯತ್ತೆಗೆ ಹೇಳುತ್ತಿದ್ದರು, ಪಠ್ಯದಲ್ಲಿ ಇರಲಿ ಬಿಡಲಿ. ಸೋಮವಾರ ಮಠದಲ್ಲಿ ಅವರ ಹೆಸರಿನ ಕಲ್ಲು ಕೂರುತ್ತದೆ. ಬುಧವಾರ ನಾನು ಕಬೀರನ ಮಠದ ಅಂಗಳದಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ಬರುತ್ತೇನೆ. ಇಬ್ಬರಲ್ಲಿ ಯಾರದು ಅವರಿಗೆ ಹಿಡಿಸುತ್ತಿತ್ತು ಎಂಬ ವಾದ ನಮ್ಮ ಮನೆಯಲ್ಲಿ ಇನ್ನೂ ಹತ್ತು ವರ್ಷ ನಡೆಯಲು ಅಡ್ಡಿಯಿಲ್ಲ.

ಗುರುವಾರ ಸಾರನಾಥ, ಊರಿನಿಂದ ಸುಮಾರು 10 ಕಿಲೋಮೀಟರ್. ಈ ಸಲ ಬಾಗಿಲು ತೆರೆದಿರುತ್ತದೆ. ಅಶೋಕನ ನಾಲ್ಕು ಸಿಂಹಗಳು ಅಲ್ಲಿವೆ. 1904–05ರ ಉತ್ಖನನದಲ್ಲಿ ಸಿಕ್ಕಿದ್ದು. ಸಿಂಹದ ಕಲ್ಲು ಚುನಾರಿನದು. ಕಾಶಿಯ ಘಾಟುಗಳನ್ನು ಕಟ್ಟಲು ಹೊಳೆಯ ಮೇಲ್ದಿಕ್ಕಿನಿಂದ ತಂದದ್ದೂ ಅದೇ ಚುನಾರಿನ ಮರಳುಗಲ್ಲು. ಒಂದನ್ನು ಕನ್ನಡಿಯ ಹಾಗೆ ತಿಕ್ಕಿದರು, ಇನ್ನೊಂದನ್ನು ಕಾಲುಗಳು ತಿಕ್ಕಿದವು. ಅಶೋಕನ ಶಾಸನಗಳ ಬ್ರಾಹ್ಮೀ ಲಿಪಿಯನ್ನು 1837ರಲ್ಲಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಅದಕ್ಕೆ ಮೊದಲು ಹತ್ತು ವರ್ಷ ಬನಾರಸಿನ ಟಂಕಸಾಲೆಯಲ್ಲಿದ್ದವನು. ಆದರೆ ಆ ಶಾಸನಗಳಲ್ಲೆಲ್ಲ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅಶೋಕ ಎಂಬ ಹೆಸರೇ ಇರುವ ಶಾಸನ ಮೊದಲು ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಮಸ್ಕಿಯ ಬಂಡೆ ನೋಡಿದ ಅವ್ವನಿಗೆ ಸಿಂಹ ತೋರಿಸುವುದು ಬಾಕಿ ಇದೆ. "ರೂಪಾಯಿ ಮ್ಯಾಲ ದಿನಾ ನೋಡ್ತೀನಲ್ಲ" ಎಂದಿದ್ದಾಳೆ.

ದಿನದ ನಡುಹೊತ್ತನ್ನು, ಹನ್ನೊಂದರಿಂದ ಮೂರರವರೆಗೆ, ಸಾಧ್ಯವಾದಷ್ಟು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಅವ್ವ ಮಲಗುತ್ತಾಳೆ, ನಾನು ಮೆಟ್ಟಿಲ ಮೇಲೆ ಕೂರುತ್ತೇನೆ. ಮೊದಲ ಸಲದ ನನ್ನ ಪಟ್ಟಿಯಲ್ಲಿ ಮೂರು ದಿನಕ್ಕೆ ಇಪ್ಪತ್ತೆರಡು ಜಾಗಗಳಿದ್ದವು.

ಟಿಕೆಟ್ ಆಯಿತು. ಲಿಂಗದ ಮಾತೂ ಮಠದವರ ಜೊತೆ ಮುಗಿಯಿತು. ಉಳಿದದ್ದು ಒಂದೇ. ಕಾಶಿಗೋ ಗಯೆಗೋ ಹೋದವರು ತಮಗೆ ಇಷ್ಟವಾದ ಒಂದು ಕಾಯಿಪಲ್ಯೆಯನ್ನು ಅಲ್ಲೇ ಬಿಟ್ಟು ಬರಬೇಕು, ಮತ್ತೆ ಜೀವಮಾನದಲ್ಲಿ ತಿನ್ನಬಾರದು ಎಂಬ ಪದ್ಧತಿ ನಮ್ಮವರಲ್ಲಿ ಕಟ್ಟಳೆಯೇನಲ್ಲ. ಪಕ್ಕದ ಮನೆಯ ಆಚಾರ್ರ ಹೆಂಡತಿ ಅವ್ವನ ತಲೆಯಲ್ಲಿ ಹಾಕಿದ್ದಾರೆ. ನಾನು ಹಾಗಲಕಾಯಿ ಬಿಡುತ್ತೇನೆ ಎಂದೆ. ಇಷ್ಟ ಇಲ್ಲದ್ದನ್ನು ಬಿಟ್ಟರೆ ಲೆಕ್ಕಕ್ಕಿಲ್ಲವಂತೆ. ಅವ್ವ ನಾಲ್ಕು ದಿನ ಯೋಚಿಸಿ ಬದನೆಕಾಯಿ ಎಂದಳು. ಅವಳು ಮಾಡುವ ಎಣಗಾಯಿ ಎಂದರೆ ಅಪ್ಪನಿಗೆ ಜೀವ. ಅದಕ್ಕೇ ಇರಬೇಕು, ಕೇಳಲಿಲ್ಲ.

ಈಗ ಜುಲೈ. ನಿನ್ನೆ ಫೋನ್ ಮಾಡಿದಾಗ ಶೇಂಗಾ ಹುರಿಯುವ ಸದ್ದು ಕೇಳಿಸಿತು. ಈ ವಾರದಲ್ಲಿ ಮೂರನೆಯ ಸಲವಂತೆ ಎಣಗಾಯಿ.

"ಕಾರ್ತೀಕಕ್ಕ ಇನ್ನೂ ನಾಕ ತಿಂಗಳ ಐತಿ" ಎಂದಳು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ.